ಚಹಾ ತುಳುಕಿಸುತ್ತಿದ್ದ ನೆಲ

ಇಂಗ್ಲೆಂಡಿನ ಲ್ಯಾಂಕಶೈರಿನ ಕಡಲತಡಿಯ ಒಂದು ಪಟ್ಟಣದಲ್ಲಿ ಮರೀನಾ ಡಾನ್ಸ್ ಹಾಲ್ ಕಟ್ಟಿದ್ದು ಸಾವಿರದ ಒಂಬೈನೂರ ಇಪ್ಪತ್ತಾರರಲ್ಲಿ. ಹಲಗೆ ನೆಲದಡಿ ಸಾವಿರಾರು ಉಕ್ಕಿನ ಸ್ಪ್ರಿಂಗು. ಯುದ್ಧಕ್ಕೆ ಹೊರಟ ಹುಡುಗರು ಅಲ್ಲಿ ಕುಣಿದು ರೈಲು ಹತ್ತಿದರು. ಗಿರಣಿಯ ಹುಡುಗಿಯರು ವರ್ಷಕ್ಕೊಂದು ವಾರದ ರಜೆಯಲ್ಲಿ ಅಲ್ಲೇ ಗಂಡಂದಿರನ್ನು ಹುಡುಕಿಕೊಂಡರು. ಡೋರೀನ್ ಕ್ಲೆಗ್ ಹದಿನಾರಕ್ಕೆ ಕುಣಿಯುವವರ ಕಾಲು ಸಲೀಸಾಗಿ ಸರಿಯಲೆಂದು ಆ ನೆಲಕ್ಕೆ ಜಾರುಪುಡಿ ಎರಚುವ ಕೆಲಸಕ್ಕೆ ಸೇರಿದಳು, ಸ್ಪ್ರಿಂಗಿಗೆ ಎಣ್ಣೆ ಬಿಡುತ್ತಿದ್ದ ಸ್ಟ್ಯಾನನನ್ನು ಕಟ್ಟಿಕೊಂಡಳು, ಅವನನ್ನು ಮಣ್ಣು ಮಾಡಿ ಬಂದ ಮರುವಾರವೂ ನೆಲ ಗುಡಿಸಿದಳು. ಈಗ ಐವತ್ತೆಂಟು. ಉಳಿದಿದ್ದು ಗುರುವಾರ ಮಧ್ಯಾಹ್ನ ಚಹಾ ಹೊತ್ತಿನ ಕುಣಿತ ಒಂದೇ. ಬರುವವರು ಮೂವತ್ತು ಮುದುಕರು. ಅದೊಂದು ನಿಲ್ಲದಿದ್ದರೆ ಸಾಕು ಅನ್ನುತ್ತಿದ್ದಳು.

ಮರೀನಾದವರದೊಂದು ಪದ್ಧತಿ. ಹೊಸಬರು ಯಾರೇ ಬರಲಿ, ನೆಲದ ಮೇಲೆ ತುಂಬಿದ ಕಪ್ ಚಹಾ ಇಟ್ಟು, ಹತ್ತು ಹೆಜ್ಜೆ ದೂರ ನಿಂತು ಒಮ್ಮೆ ಜಿಗಿಯುವುದು. ಚಹಾ ತುಳುಕುತ್ತದೆ. ತಪಾಸಣೆಗೆ ಪಟ್ಟಣದ ಕೌನ್ಸಿಲ್ ಕಳಿಸಿದ ಎಂಜಿನಿಯರ್ ನೈಜೆಲನಿಗೂ ಡೋರೀನ್ ಹೆಮ್ಮೆಯಿಂದ ಅದನ್ನೇ ತೋರಿಸಿದಳು.

"ನೋಡಿದ್ಯೇನಪ್ಪ? ಅರವತ್ತೈದು ವರ್ಷ ಆಯ್ತು, ಇನ್ನೂ ಹೆಂಗೆ ಉಸಿರಾಡ್ತದೆ!"

ನೈಜೆಲ್ ಬಗ್ಗಿ ನೋಡಿ ಬರೆದುಕೊಂಡ: ನೆಲ ಅಲುಗಾಡುತ್ತಿದೆ, ಅಪಾಯ.

"ಅಯ್ಯೋ, ಅಲುಗಾಡ್ಲಿ ಅಂತಾನೇ ಕಟ್ಟಿರೋದು ಕಣಪ್ಪ! ಮೊಣಕಾಲು ನೋಯ್ಬಾರ್ದು ಅಂತ!"

"ನಿಯಮದಲ್ಲಿ ಹಂಗಿಲ್ಲಮ್ಮ. ನೆಲ ಅಂದ್ರೆ ಗಟ್ಟಿ ನಿಂತಿರ್ಬೇಕು."

"ನಿನ್ ನಿಯಮಕ್ಕೆ ಒಂದ್ಸಲ ವಾಲ್ಟ್ಸ್ ಕುಣಿತ ಕಲಿಸ್ಬೇಕು ನೋಡು."

ಅವನು ವರದಿ ಒಪ್ಪಿಸಿದ. ಒಂದು ದಿನವೂ ಅಲ್ಲಿ ಕಾಲಿಡದ ಕೌನ್ಸಿಲಿನ ಏಳು ಮಂದಿ ಕೂತು ತೀರ್ಮಾನಿಸಿದರು: ಸ್ಪ್ರಿಂಗುಗಳ ನಡುವೆ ಮರದ ತುಂಡು ಬಡಿದು ನೆಲ ಬಿಗಿ ಮಾಡಿ, ಇಲ್ಲವೇ ಬಾಗಿಲು ಹಾಕಿ. ಇಂಥವರಿಗೆ ಜನರ ಜೀವದ ಮೇಲೆ ಕಾಳಜಿ ಉಕ್ಕುವುದು ಜನರ ಸಂತೋಷ ಕಸಿಯುವಾಗ ಮಾತ್ರ. ಡೋರೀನಳಿಗೆ ಜಗಳಕ್ಕೆ ತ್ರಾಣವಿರಲಿಲ್ಲ.

"ಬಡೀರಿ. ಬಾಗಿಲಾದ್ರೂ ತೆರೆದಿರ್ಲಿ" ಅಂದಳು.

ಮುಂದಿನ ಗುರುವಾರ ಎರಡನೇ ವಾಲ್ಟ್ಸಿಗೇ ಎಲ್ಲರೂ ಕುರ್ಚಿ ಹಿಡಿದರು. ಎಂಬತ್ತರ ಆರ್ಥರ್ ಮೊಣಕಾಲು ಉಜ್ಜಿಕೊಳ್ಳುತ್ತ ಗೊಣಗಿದ: "ಇದೇನೇ ಡೋರೀನ್, ಬಸ್ ಸ್ಟ್ಯಾಂಡಲ್ಲಿ ಕುಣಿದಂಗಾಯ್ತು. ನಾನಂತೂ ಇನ್ ಬರಲ್ಲ ಕಣೆ."

ಉಳಿದವರು ಕೋಟು ಹುಡುಕಿಕೊಂಡರು.

ಹಾಲ್ ಖಾಲಿಯಾದ ಮೇಲೆ ಅವಳು ಕಪ್ ಇಟ್ಟು, ಹತ್ತು ಹೆಜ್ಜೆ ನಡೆದು, ಜಿಗಿದಳು. ಹಿಮ್ಮಡಿಯಿಂದ ಸೊಂಟದವರೆಗೆ ಚಳುಕು ಹೊಡೆಯಿತು. ಚಹಾ ಅಲುಗಲಿಲ್ಲ. ಆ ಎಂಜಿನಿಯರಿಗೆ ನಾನೇ ತೋರಿಸಿಕೊಟ್ಟೆನಲ್ಲ ಅಂದುಕೊಳ್ಳುತ್ತ, ಆರಿದ ಚಹಾ ಕುಡಿದು, ಕಪ್ ತೊಳೆಯಲು ಹೋದಳು.