ಮೈದಾನದಲ್ಲಿ ಮೀನಿನ ಬುಟ್ಟಿ

ತಮಗೆ ಕ್ಯಾನ್ಸರ್ ಎಂದು ಗೊತ್ತಾದಾಗ ನನ್ನ ಗೆಳೆಯನ ತಾಯಿ ನಕ್ಕುಬಿಟ್ಟರು. ತಪ್ಪು ಡಾಕ್ಟರರದ್ದು. ಅವರು ವಿಲಾಯತಿಗೆ ಹೋಗಿ ಓದಿ ಬಂದವರು, ಯಾವುದನ್ನೂ ವಿವರಿಸದೆ ಬಿಡುವವರಲ್ಲ. ಎದೆಯ ಗಂಟನ್ನು ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು, "ಇದು ಕ್ಯಾನ್ಸರ್. ಈ ಹೆಸರಿನ ಅರ್ಥ ಏಡಿ ಅಂತ. ಏಡಿಯ ಹಾಗೆ ಕಾಲು ಚಾಚಿಕೊಂಡು ಹೋಗ್ತದೆ," ಎಂದರು. ಗೆಳೆಯ ಅದನ್ನು ತುಳುವಿಗೆ ತಿರುಗಿಸಿದ.

"ಡೆಂಜಿಯಾ?" ಎಂದರು ಆ ತಾಯಿ. "ಜೀವಮಾನ ಇಡೀ ಅದರ ಕಾಲು ಮುರಿದು ಮಾರಿದವಳು ನಾನು. ಅದು ಈಗ ಸೇಡು ತೀರಿಸ್ಲಿಕ್ಕೆ ಬಂದದ್ದಾ?"

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ನಾನೂ ಆ ಗೆಳೆಯನೂ ಹೆಂಚಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತರು. ಅವನು ಬೋಳೂರಿನ ಮೀನುಗಾರ ಮೊಗವೀರರ ಮನೆಯವನು. ಅಪ್ಪ ಕಡಲಿಗೆ ಹೋಗಿ ತಿರುಗಿ ಬರಲಿಲ್ಲ. ತಾಯಿ ಬಂದರಿನ ಮಾರುಕಟ್ಟೆಯಲ್ಲಿ ಮೀನು ಮಾರಿ ಅವನನ್ನು ಮೆಟ್ರಿಕ್‌ವರೆಗೆ ಓದಿಸಿದ್ದರು. ಅವನಂತೆ ನಾವೂ ಅವರನ್ನು ಅಪ್ಪೆ ಎಂದೇ ಕರೆಯುತ್ತಿದ್ದೆವು. ನಾವು ಎಂದರೆ ನಾನು ಮತ್ತು ಮೂರನೆಯವನೊಬ್ಬ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹುಡುಗ, ಶಾಲೆಯಲ್ಲಿ ಡ್ರಿಲ್ ಮಾಸ್ತರ. ಊರಿನವರು ಅವನ ಜನರನ್ನು ಕರೆಯುವಂತೆ ಅಪ್ಪೆ ಅವನನ್ನು ಪೊರ್ಬು ಎನ್ನುತ್ತಿದ್ದರು. ನಮಗೂ ಅದೇ ರೂಢಿಯಾಯಿತು.

ಅಪ್ಪೆಯ ಬಾಯಿ ಊರಿಗೆಲ್ಲ ಪ್ರಸಿದ್ಧ. ಮೀನನ್ನು ಮುಟ್ಟಿ, ಕಿವಿರು ಎತ್ತಿ ನೋಡಿ, ಕೊಳ್ಳದೆ ಹೋಗುವವರನ್ನು ಅವರು ಊರ ನಡುವಿನ ಹಂಪನಕಟ್ಟೆಗೂ ಕೇಳುವಂತೆ ಬೈಯುತ್ತಿದ್ದರು. ಆ ಬೈಗುಳಗಳನ್ನು ಕನ್ನಡಕ್ಕೆ ತಂದರೆ ಉಪ್ಪೆಲ್ಲ ನೀರಾಗಿ ಹೋಗುತ್ತದೆ. ನಾನು ಇಲ್ಲಿ ಬರೆಯುವುದು ಉಪ್ಪು ತೊಳೆದ ಅಪ್ಪೆಯನ್ನು.

ಇಲ್ಲಿ ಕೊಯ್ದು ತೆಗೆಯಬಹುದು, ಆದರೆ ಅಷ್ಟೇ ಸಾಲದು, ಮದರಾಸಿಗೆ ಕರೆದುಕೊಂಡು ಹೋದರೆ ಅಲ್ಲಿ ರೇಡಿಯಂ ಎಂಬ ಹೊಸ ಚಿಕಿತ್ಸೆ ಉಂಟು ಎಂದರು ಡಾಕ್ಟರರು. ರೈಲು, ಆಸ್ಪತ್ರೆ, ತಿಂಗಳುಗಟ್ಟಲೆ ಅಲ್ಲಿ ಬಿಡಾರ. ನಮ್ಮ ಮೂವರ ಸಂಬಳ ಸೇರಿಸಿದರೆ ದಾರಿ ಮಧ್ಯದ ಶೋರನೂರಿನವರೆಗೆ ಹೋಗಿ ಇಳಿಯಬಹುದಿತ್ತೇನೋ. ಊರಿನಲ್ಲಿ ಚಂದಾ ಎತ್ತೋಣ ಎಂದು ನಾನು ಅಂದದ್ದೇ ತಡ, ಅಪ್ಪೆ ಎದ್ದು ನಿಂತರು.

"ನನ್ನ ಮೊಲೆಯ ಹೆಸರು ಹೇಳಿ ಊರೆಲ್ಲ ಭಿಕ್ಷೆ ಬೇಡ್ಲಿಕ್ಕೆ ಹೋಗ್ತೀರಾ? ನಿಮಗೆ ಮರ್ಲು ಹಿಡಿದಿದೆಯಾ? ಪುಕ್ಕಟೆ ನಾನು ಒಂದು ಬೂತಾಯಿ ಮೀನೂ ತಗೊಂಡವಳಲ್ಲ."

ಅಪ್ಪೆಯ ಬೆನ್ನ ಹಿಂದೆ ದಾರಿ ಹುಡುಕಿದವನು ಪೊರ್ಬು. "ಭಿಕ್ಷೆ ಬೇಡ ಮಾರಾಯ, ಆಟ ತೋರಿಸುವ," ಎಂದ. ಮೈದಾನದಲ್ಲಿ ಒಂದು ಫುಟ್‌ಬಾಲ್ ಪಂದ್ಯ, ವಕೀಲರಿಗೂ ಡಾಕ್ಟರರಿಗೂ. ಯೋಚಿಸಿದಷ್ಟೂ ಅದು ಜಾಣತನದ್ದೇ ಅನಿಸಿತು. ಊರಿನ ಅರ್ಧ ಜನರಿಗೆ ವಕೀಲರ ಮೇಲೆ ಸಿಟ್ಟು, ಉಳಿದರ್ಧಕ್ಕೆ ಡಾಕ್ಟರರ ಮೇಲೆ. ಇವರೆಲ್ಲ ಚಡ್ಡಿ ಹಾಕಿಕೊಂಡು ಓಡಿ ಬೀಳುವುದನ್ನು ನೋಡಲು ಯಾರು ದುಡ್ಡು ಕೊಡುವುದಿಲ್ಲ?

ಆಡುವವರನ್ನು ಒಪ್ಪಿಸುವುದು ಸುಲಭವಾಯಿತು. ವಕೀಲರು ಆಡುತ್ತಾರೆ ಎಂದು ಡಾಕ್ಟರರಿಗೂ, ಡಾಕ್ಟರರು ಹೆದರಿದ್ದಾರೆ ಎಂದು ವಕೀಲರಿಗೂ ಹೇಳಿದೆವು. ಏಡಿಯ ಅರ್ಥ ಹೇಳಿದ ಡಾಕ್ಟರರು ತಾವೇ ಗೋಲ್‌ಕೀಪರ್ ಆಗುತ್ತೇನೆಂದರು. ಅಲ್ಲಿ ಓಡುವ ಕೆಲಸವಿಲ್ಲ ಎಂದು ಯಾರೋ ಅವರಿಗೆ ಹೇಳಿದ್ದರು. ಕರಪತ್ರದಲ್ಲಿ 'ಒಬ್ಬ ಬಡ ತಾಯಿಯ ಚಿಕಿತ್ಸೆಯ ಸಹಾಯಾರ್ಥ' ಎಂದಷ್ಟೇ ಅಚ್ಚು ಹಾಕಿಸಿದೆವು. ಅಪ್ಪೆಗೆ ಓದಲು ಬಾರದು ಎಂಬ ಧೈರ್ಯ.

ಆಟದ ದಿನ ಸಂಜೆ ಮೈದಾನಕ್ಕೆ ಜನ ಬಂದರು. ಅಷ್ಟು ಜನ ನಮ್ಮ ಮದುವೆಗಳಿಗೆ ಸಹ ಬರಲಿಲ್ಲ. ಆದರೆ ನಮ್ಮಂಥ ಮೂವರು ಬುದ್ಧಿವಂತರಿಗೆ ಹೊಳೆಯದ ಒಂದು ಸಂಗತಿ ಇತ್ತು. ಮೈದಾನಕ್ಕೆ ಬೇಲಿಯೇ ಇಲ್ಲ. ನಾವು ನಾಲ್ಕು ಗೂಟ ಹುಗಿದು ಹಗ್ಗ ಕಟ್ಟಿ, ಒಂದು ಬಾಗಿಲಿನಂಥದ್ದು ಮಾಡಿ, ಅಲ್ಲಿ ಟಿಕೇಟು ಹಿಡಿದು ಕೂತೆವು. ಬಾಗಿಲಿನಿಂದ ಬಂದವರು ಕೆಲವು ಮರ್ಯಾದಸ್ಥರು ಮತ್ತು ಒಬ್ಬ ಪಾದ್ರಿ. ಮಿಕ್ಕವರೆಲ್ಲ ಹಗ್ಗದ ಆಚೆ ಆರಾಮವಾಗಿ ನಿಂತರು. ಕೆಲವರು ಮರ ಹತ್ತಿದರು. ಜಟಕಾದವರು ಕುದುರೆ ಬಿಚ್ಚಿ, ಗಾಡಿಯ ಮೇಲೆ ಜನ ಹತ್ತಿಸಿಕೊಂಡು, ಅದಕ್ಕೆ ಬೇರೆ ಬಾಡಿಗೆ ವಸೂಲು ಮಾಡಿದರು.

ಆಟವೇನೋ ಚೆನ್ನಾಗಿಯೇ ನಡೆಯಿತು. ಒಬ್ಬ ಹಿರಿಯ ವಕೀಲರು ಚೆಂಡಿಗೆ ಒದೆಯಲು ಹೋಗಿ ಬಿದ್ದರು, ಅವರ ಶೂ ಮಾತ್ರ ಗೋಲಿನೊಳಗೆ ಹೋಯಿತು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ರೆಫರಿಯಾಗಿದ್ದ ಪೊರ್ಬುವಿನ ಮುಂದೆ ದೀರ್ಘವಾಗಿ ವಾದಿಸಿದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಮ್ಮ ಡಬ್ಬಿ ಹಾಗೇ ಹಗುರವಾಗಿತ್ತು. ಗೆಳೆಯ ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ. "ಮೀಟಿಂಗಿಗೂ ಪಂದ್ಯಕ್ಕೂ ನಮ್ಮ ಊರಿನವರು ಕಾಸು ಬಿಚ್ಚುವುದಿಲ್ಲ, ಗೊತ್ತಿತ್ತು ನನಗೆ," ಎಂದ.

ಅಷ್ಟರಲ್ಲಿ ಅಪ್ಪೆ ಬಂದರು. ತಲೆಯ ಮೇಲೆ ಖಾಲಿ ಬುಟ್ಟಿ, ಮಾರುಕಟ್ಟೆ ಮುಗಿಸಿ ನೇರ ಬಂದದ್ದು. ಮೀನು ಕೊಳ್ಳಲು ಬಂದ ಯಾರೋ ಕರಪತ್ರ ಓದಿ ಹೇಳಿದ್ದರಂತೆ. ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಅವರು ನಮ್ಮನ್ನು ಬೈಯಲಿಲ್ಲ. ಹಗ್ಗದ ಈಚೆಯ ಖಾಲಿ ಜಾಗ ನೋಡಿದರು, ಆಚೆಯ ಜನಸಾಗರ ನೋಡಿದರು.

"ಇವರೆಲ್ಲ ದುಡ್ಡು ಕೊಟ್ಟಿದ್ದಾರಾ?"

"ಇಲ್ಲ ಅಪ್ಪೆ," ಎಂದೆ.

"ಹಾಗಾದ್ರೆ ಎಂತ ಸುಮ್ಮನೆ ನೋಡ್ತಿದ್ದಾರೆ?"

ಅವರ ಮುಖದಲ್ಲಿ ಎದ್ದದ್ದು ನನಗೆ ಚೆನ್ನಾಗಿ ಪರಿಚಯವಿದ್ದ ಸಿಟ್ಟು. ಮೀನು ಮುಟ್ಟಿ ಕೊಳ್ಳದೆ ಹೋಗುವವರ ಮೇಲಿನ ಸಿಟ್ಟು. ಬುಟ್ಟಿ ಇಳಿಸಿ, ಅದನ್ನು ಸೊಂಟಕ್ಕೆ ಇಟ್ಟುಕೊಂಡು, ಹಗ್ಗ ದಾಟಿ ಜನರ ನಡುವೆ ನುಗ್ಗಿದರು. "ಹೇ, ಕಣ್ಣಿನಲ್ಲಿ ತಿಂದದ್ದಕ್ಕೂ ಕಾಸು ಉಂಟು! ಹಾಕು! ಆ ವಕೀಲ್ರು ಬಿದ್ದದ್ದನ್ನು ನೋಡಿ ನಕ್ಕೆಯಲ್ಲ, ಹಾಕು! ಮರದ ಮೇಲಿನವನೇ, ಇಳೀತೀಯಾ, ನಾನೇ ಹತ್ತಬೇಕಾ?"

ಜನ ಆಟ ಬಿಟ್ಟು ಇವರನ್ನು ನೋಡತೊಡಗಿದರು. ಜಟಕಾದವನೊಬ್ಬ ಮಾತ್ರ ಜಗ್ಗಲಿಲ್ಲ. "ಯಾರಿಗೆ ಈ ದುಡ್ಡು? ನಿಮ್ಮ ಜೇಬಿಗಾ?" ಎಂದು ಕೇಳಿದ.

ಅಪ್ಪೆ ನಿಂತರು. ಎಡಗೈಯಿಂದ ಎದೆ ಮುಟ್ಟಿಕೊಂಡರು.

"ನನಗೇ ಮಾರಾಯ. ಇಲ್ಲಿ ಡೆಂಜಿ ಕಚ್ಚಿದೆ. ಮದರಾಸಿಗೆ ಹೋದ್ರೆ ಬಿಡಿಸ್ತಾರಂತೆ. ಬಿಡಿಸದೆಯೂ ಇರಬಹುದು. ನೋಡಿದ್ದಕ್ಕೆ ಮಾತ್ರ ಕೊಡು, ಕನಿಕರಕ್ಕೆ ಬೇಡ."

ಮೈದಾನದ ನಡುವೆ ವಕೀಲರು ಇನ್ನೂ ವಾದಿಸುತ್ತಿದ್ದರು. ಜಟಕಾದವನು ಬಾಡಿಗೆಯೆಂದು ಎತ್ತಿದ್ದನ್ನೆಲ್ಲ ಬುಟ್ಟಿಗೆ ಸುರಿದ. ಆಮೇಲೆ ಅಪ್ಪೆ ಬೈಯುವ ಅಗತ್ಯವೇ ಬೀಳಲಿಲ್ಲ, ಆದರೂ ಬೈದರು. ಬುಟ್ಟಿ ಭಾರವಾದಾಗ ಗೆಳೆಯ ಎದ್ದು ಹೋಗಿ ಅದರ ಒಂದು ಅಂಚು ಹಿಡಿದ. ಅವನು ಅಳುತ್ತಿದ್ದ. "ಸರಿಯಾಗಿ ಹಿಡಿ, ಚೆಲ್ತದೆ," ಎಂದರು ಅಪ್ಪೆ.

ಆ ನಾಣ್ಯಗಳಿಗೆ ಮೀನಿನ ವಾಸನೆ ಎಷ್ಟು ಹಿಡಿದಿತ್ತೆಂದರೆ, ರೈಲ್ವೆ ಸ್ಟೇಷನ್ನಿನ ಟಿಕೇಟು ಗುಮಾಸ್ತ ಮೂಗು ಮುಚ್ಚಿಕೊಂಡು ಎಣಿಸಿದ.

ಮದರಾಸಿನಲ್ಲಿ ಎದೆಯ ಒಂದು ಭಾಗ ಕೊಯ್ದು, ರೇಡಿಯಂ ಕೊಟ್ಟು ಕಳಿಸಿದರು. ಅಪ್ಪೆ ಅರ್ಧ ಆಗಿ ಬಂದರು, ಎಡಗೈ ಮೇಲಕ್ಕೆ ಏಳುತ್ತಿರಲಿಲ್ಲ. ಹೇಗಿತ್ತು ಎಂದು ಕೇಳಿದರೆ ನೋವಿನ ಬಗ್ಗೆ ಒಂದು ಮಾತಿಲ್ಲ. ಅಲ್ಲಿಯ ಮೀನು ಮಾತ್ರ ನಾಯಿಗೂ ಬೇಡ ಎಂದರು. ಕೆಲವು ತಿಂಗಳಲ್ಲಿ ಮತ್ತೆ ಮಾರುಕಟ್ಟೆಯಲ್ಲಿ ಕೂತರು. ಗೋಲ್‌ಕೀಪರ್ ಡಾಕ್ಟರರ ಮನೆಗೆ ಪ್ರತಿ ವಾರ ಅಂಜಲ್ ಮೀನು ಕಳಿಸಿ, ಪೂರ್ತಿ ಕ್ರಯ ವಸೂಲು ಮಾಡುತ್ತಿದ್ದರು.

ಯುದ್ಧ ಶುರುವಾದ ಮೇಲೆ, ಒಂದು ಮಳೆಗಾಲದಲ್ಲಿ ಅಪ್ಪೆಗೆ ಬೆನ್ನು ನೋವು ಬಂತು. ಈ ಸಲ ಡಾಕ್ಟರರು ಏನನ್ನೂ ವಿವರಿಸಲಿಲ್ಲ. ಇನ್ನೊಂದು ಪಂದ್ಯ ಮಾಡೋಣವೇ ಎಂದು ಪೊರ್ಬು ಕೇಳಿದಾಗ ಅಪ್ಪೆ ಮಲಗಿದಲ್ಲಿಂದಲೇ ಕೈ ಆಡಿಸಿದರು. "ಬೇಡ. ಆ ವಕೀಲ್ರು ಇನ್ನೊಮ್ಮೆ ಓಡಿದ್ರೆ ನನಗಿಂತ ಮೊದಲು ಹೋಗ್ತಾರೆ. ಪಾಪ, ಮಕ್ಕಳು ಉಂಟು ಅವರಿಗೆ."

ಒಂದು ಮಧ್ಯಾಹ್ನ, ಮಗನಿಗೆ ಗಂಜಿ ತಣಿಯುತ್ತದೆ ಹೋಗು ಎಂದು ಹೇಳಿ, ಅವನು ಉಂಡು ಬರುವುದರೊಳಗೆ ತೀರಿಕೊಂಡರು.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮಾರನೆಯ ದಿನ ಗೆಳೆಯ ನನ್ನನ್ನು ಮಾರುಕಟ್ಟೆಗೆ ಕರೆದುಕೊಂಡು ಹೋದ. ಅಪ್ಪೆ ಕೂರುತ್ತಿದ್ದ ಜಾಗಕ್ಕಾಗಿ ಇಬ್ಬರು ಹೆಂಗಸರು ಜಗಳವಾಡುತ್ತಿದ್ದರು. ಬಾಯಿಗೆ ಬಂದದ್ದೆಲ್ಲ ಅಪ್ಪೆಯ ಬೈಗುಳಗಳೇ, ಒಂದಕ್ಷರ ಆಚೀಚೆ ಇಲ್ಲ. ನಾನು ಅವನ ಮುಖ ನೋಡಲು ಹೆದರಿದೆ. ಅವನು ಕೈಕಟ್ಟಿ ನಿಂತು ಕೊನೆಯವರೆಗೂ ಕೇಳಿದ. ಆಮೇಲೆ ಗೆದ್ದವಳ ಬಳಿ ಬಂಗುಡೆ ಕೊಂಡ, ಚೌಕಾಸಿ ಮಾಡದೆ.