ಊರ್ಮಿಳಾ ‘ರೀ’ ಅಂದದ್ದು ಯಾರಿಗೆ

ಊರ್ಮಿಳಾಳ ಬಗ್ಗೆ ಯಾರಾದರೂ “ಪಾಪ” ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್‌ನಲ್ಲಿ ಅವಳದು ನನ್ನ ಪಕ್ಕದ ಮನೆ. ಗಂಡ ಜಗನ್ನಾಥ ಹೃದಯಾಘಾತದಿಂದ ತೀರಿಹೋದಾಗ ಅವಳಿಗೆ ನಲವತ್ತು ದಾಟಿತ್ತಷ್ಟೆ, ಮಗಳು ನಿಹಾರಿಕಾ ಇನ್ನೂ ಹೈಸ್ಕೂಲಿನಲ್ಲಿದ್ದಳು. ಮೈಸೂರಿಗೆ ವಾಪಸು ಬಂದುಬಿಡು ಎಂದ ಅಣ್ಣಂದಿರಿಗೂ, ಇಲ್ಲೇ ಒಂದು ಗಂಟೆ ದೂರದ ಡಬ್ಲಿನ್ನಿಗೆ ಬಂದು ನಮ್ಮ ಕಣ್ಣೆದುರಿಗೇ ಇರಿ ಎಂದ ಮೈದುನ ಮಧ್ವೇಶನಿಗೂ ಬೇಡವೆಂದು ಹೇಳಿ, ಇಲ್ಲಿಯ ಸ್ಕೂಲೊಂದರ ಆಫೀಸಿನಲ್ಲಿ ಕೆಲಸ ಹಿಡಿದು ಮಗಳನ್ನು ಓದಿಸಿದಳು. ಇದರಲ್ಲಿ ಪಾಪ ಎನ್ನುವಂಥದ್ದು ಏನಿದೆ? ಅಯ್ಯೋ ಅನ್ನಿಸುವಂಥದ್ದು ಒಂದೇ. ಮದುವೆಯಾಗೋಣ ಎಂದು ಕೇಳಿದ ಒಬ್ಬ ಒಳ್ಳೆಯ ಗಂಡಸಿಗೆ ಅವಳು ಜನಕ್ಕೆ ಹೆದರಿ ಇಲ್ಲ ಎಂದಿದ್ದಳು.

ಆ ಗಂಡಸಿನ ಹೆಸರು ರೇ. ಪೂರ್ತಿ ಹೇಳಬೇಕೆಂದರೆ ರೇಮಂಡ್ ಸಿಲ್ವೇರಾ. ತಾತನ ಕಾಲದಲ್ಲಿ ಪೋರ್ಚುಗಲ್ ಕಡೆಯಿಂದ ಬಂದು ದನ ಸಾಕಿಕೊಂಡು ನೆಲೆನಿಂತ ಮನೆತನ. ನಮ್ಮ ಮನೆಗಳ ಹಿಂದಿನ ಗುಡ್ಡದಲ್ಲಿ ಅವನ ದನಗಳು ಮೇಯುತ್ತವೆ. ನಾವೆಲ್ಲ ಸ್ಯಾನ್ ಹೊಸೆಗೆ ಕೆಲಸಕ್ಕೆ ಹೋಗಲು ಕಾರು ಹತ್ತುವ ಹೊತ್ತಿಗೆ ಅವನು ಕುದುರೆ ಹತ್ತಿ ಬೇಲಿ ನೋಡಲು ಹೊರಟಿರುತ್ತಾನೆ. ಅಗಲದ ಟೋಪಿ, ಮಣ್ಣು ಮೆತ್ತಿದ ಬೂಟು, ಮಾತು ಕಡಿಮೆ. ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಒಂದು ದಿನ ಅವನ ಕರು ಬೇಲಿ ನುಸುಳಿ ಬಂದು, ಊರ್ಮಿಳಾ ಮಗುವಿನ ಹಾಗೆ ಬೆಳೆಸಿದ್ದ ಕರಿಬೇವಿನ ಗಿಡವನ್ನು ಪೂರ್ತಿ ತಿಂದು ಮುಗಿಸಿತು. ಅವಳು ಪೊರಕೆ ಹಿಡಿದು ಕರುವಿನ ಹಿಂದೆ ಓಡಿದಳು, ಅವನು ಹಗ್ಗ ಹಿಡಿದು ಬಂದ. ಕರು ಸಿಕ್ಕಿದ ಮೇಲೂ ಅವನು ಪೊರಕೆಯವಳನ್ನು ನೋಡುತ್ತ ಅಲ್ಲೇ ನಿಂತಿದ್ದ. ಮುಂದಿನ ವಾರ ಎಲ್ಲಿಂದಲೋ ಹುಡುಕಿ ಹೊಸ ಕರಿಬೇವಿನ ಗಿಡ ತಂದುಕೊಟ್ಟ.

ಅವನಲ್ಲಿ ಹಾಲು ಕೊಡುವ ಸಾಧು ಹಸುವೂ ಒಂದಿತ್ತು. ಗೃಹಪ್ರವೇಶಕ್ಕೆ ಹಸು ಕರು ಸಿಗದೆ ಪರದಾಡುತ್ತಿದ್ದ ಗೆಳತಿಯೊಬ್ಬಳಿಗೆ ಊರ್ಮಿಳಾ ಅವನನ್ನು ತೋರಿಸಿದ್ದೇ ತಡ, ಹೇವರ್ಡಿನಿಂದ ಡಬ್ಲಿನ್ನಿನವರೆಗೆ ಹೊಸ ಮನೆ ಕೊಂಡ ಕನ್ನಡದವರೆಲ್ಲ ಫೋನು ಮಾಡತೊಡಗಿದರು. ಊರ್ಮಿಳಾ ಆ ಹಸುವಿಗೆ ನಂಜಮ್ಮ ಎಂದು ಹೆಸರಿಟ್ಟಳು. ಅವನು ಟ್ರೇಲರಿಗೆ ನಂಜಮ್ಮನನ್ನೂ ಕರುವನ್ನೂ ಹತ್ತಿಸಿ ಫ್ರೀವೇ ಹಿಡಿದರೆ, ಪಕ್ಕದ ಸೀಟಿನಲ್ಲಿ ಇವಳು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಕೂತಿರುತ್ತಿದ್ದಳು.

ಮೊದಲನೆಯ ಗೃಹಪ್ರವೇಶದಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಅಲ್ಲಿದ್ದ ಹೆಂಗಸರೆಲ್ಲ ಬೆಂಗಳೂರು ಮೈಸೂರಿನವರು. ಒಬ್ಬಳು “ರೀ, ಹಾಲು ಎಲ್ಲಿಟ್ರಿ?” ಎಂದು ಕೂಗಿದಳು. ರೇ ಟೋಪಿ ತೆಗೆದು ಅವಳತ್ತ ನಡೆದ. ಇನ್ನೊಬ್ಬಳು “ರೀ, ಕಾರ್ ತೆಗೀರೀ” ಎಂದಳು. ರೇ ಅತ್ತ ತಿರುಗಿದ. ಎಲ್ಲೆಲ್ಲಿಂದಲೋ ಗಂಡಂದಿರು “ಬಂದೆ, ಬಂದೆ” ಎನ್ನುತ್ತ ಓಡಿ ಬರುತ್ತಿದ್ದರು, ಇವನು ಮಧ್ಯದಲ್ಲಿ ಕಕ್ಕಾಬಿಕ್ಕಿ. ವಾಪಸು ಬರುವಾಗ, ನಿಮ್ಮವರಿಗೆಲ್ಲ ನನ್ನ ಹೆಸರು ಹೇಗೆ ಗೊತ್ತು ಎಂದು ಕೇಳಿದನಂತೆ. ಊರ್ಮಿಳಾ ಕಿವಿ ಕೆಂಪು ಮಾಡಿಕೊಂಡು ಬಿಡಿಸಿ ಹೇಳಿದಳು. ನಾನಾದರೋ ಹುಬ್ಬಳ್ಳಿಯವಳು, ನಮ್ಮ ಕಡೆ ಹಾಲಿನವನಿಗೂ ರೀ, ಕಲೆಕ್ಟರಿಗೂ ರೀ. ಆದರೆ ಮೈಸೂರಿನ ಹೆಂಗಸು ಮನೆಯೊಳಗೆ ನಿಂತು ಬರೀ “ರೀ” ಎಂದು ಕೂಗಿದರೆ ಅದು ಕಟ್ಟಿಕೊಂಡ ಗಂಡನಿಗೇ.

ಮದುವೆಯ ಮಾತನ್ನು ರೇ ಎತ್ತಿದ್ದು ಅದಾಗಿ ಎರಡು ವರ್ಷಕ್ಕೆ. ಮಗಳ ಮದುವೆಯಾಗಬೇಕು, ಜಗನ್ನಾಥನ ಮನೆಯವರು ಏನಂದಾರು, ಮೈಸೂರಿನಲ್ಲಿ ಅಣ್ಣಂದಿರು ಹೇಗೆ ತಲೆ ಎತ್ತಿ ಓಡಾಡುತ್ತಾರೆ ಎಂದೆಲ್ಲ ಹೇಳಿ ಇವಳು ಇಲ್ಲ ಎಂದಳು. ಅವನು ವಾದ ಮಾಡಲಿಲ್ಲ. ಅವನು ಹೇಳಿದ್ದನ್ನು ಊರ್ಮಿಳಾ ನನ್ನ ಅಡುಗೆಮನೆಯಲ್ಲಿ ಅಳುತ್ತ ಹೇಳಿದಳು: “ನಾನು ಒಂದೇ ಸಲ ಕೇಳುವವನು. ನಿನ್ನ ಮನಸ್ಸು ಬದಲಾದರೆ ನೀನೇ ಕರೆಯಬೇಕು. ನಾನು ಇಲ್ಲೇ ಗುಡ್ಡದಲ್ಲಿರುತ್ತೇನೆ.” ಅಂದಿನಿಂದ ಅವಳು ಅವನನ್ನು ರೇ ಎಂದು ಕರೆಯುವುದನ್ನೇ ಬಿಟ್ಟಳು. ನಾಲಿಗೆ ಎಲ್ಲಿ ಜಾರುತ್ತದೋ ಎಂದು ಪ್ರತಿಸಲವೂ ರೇಮಂಡ್, ರೇಮಂಡ್. ಹೀಗೇ ವರ್ಷಗಳು ಕಳೆದವು. ಅವನು ಕೇಳಲಿಲ್ಲ, ಅವಳು ಕರೆಯಲಿಲ್ಲ.

ಈ ಸಲ ವಸಂತದಲ್ಲಿ ಮಧ್ವೇಶ ಡಬ್ಲಿನ್ನಿನಲ್ಲಿ ದೊಡ್ಡ ಮನೆ ಕೊಂಡ. ಹಸು ಬೇಕಲ್ಲ, ಅತ್ತಿಗೆಗೆ ಫೋನು ಬಂತು. ನಾನೂ ಊರ್ಮಿಳಾಳ ಜೊತೆಗೆ ಹೋದೆ. ಹೊಸ ಮರದ ನೆಲಕ್ಕೆ ಗೀರು ಬೀಳಬಾರದೆಂದು ಮಧ್ವೇಶ ಪ್ಲಾಸ್ಟಿಕ್ ಹಾಳೆ ಹಾಸಿದ್ದ. ಪುರೋಹಿತರ ಮಂತ್ರ ನಡೆದಿತ್ತು. ನಂಜಮ್ಮ ಬಲಗಾಲಿಟ್ಟು ಒಳಗೆ ಬಂದಳು, ಹಿಂದೆಯೇ ಹಾಳೆ ಜಾರಿತು. ಅಷ್ಟು ದೊಡ್ಡ ಹಸು ವಾಲಿಕೊಂಡು ರೇಯನ್ನು ಗೋಡೆಗೆ ಒತ್ತಿ ನಿಂತಿತು.

“ರೇ!” ಎಂದು ಊರ್ಮಿಳಾ ಅಡುಗೆಮನೆಯ ಬಾಗಿಲಿನಿಂದ ಕಿರುಚಿದಳು.

ಮಂತ್ರ ನಿಂತಿತು. ಅವನಿಗೆ ಏನೂ ಆಗಿರಲಿಲ್ಲ. ಹಸುವಿನ ಕತ್ತು ಸವರಿ ಸಮಾಧಾನ ಮಾಡಿ, ಒಮ್ಮೆ ಇವಳ ಕಡೆ ನೋಡಿ ತಲೆ ತಗ್ಗಿಸಿದ. ಆದರೆ ಆ ನಡುಮನೆಯಲ್ಲಿ ನಿಂತಿದ್ದ ಅಷ್ಟೂ ಜನರ ಕಿವಿಗೆ ಬಿದ್ದದ್ದು ‘ರೇ’ ಅಲ್ಲ, ‘ರೀ’. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೂಜೆ ಮುಗಿಯುವಷ್ಟರಲ್ಲಿ ಗುಸುಗುಸು ಗರಾಜಿನವರೆಗೂ ಮುಟ್ಟಿತ್ತು. ಅಲ್ಲಿ ಮೇಜುಗಳ ಮೇಲೆ ಬಾಳೆಲೆ ಹಾಕಿ ಊಟಕ್ಕೆ ಕೂರಿಸುತ್ತಿದ್ದರು.

ಮಧ್ವೇಶ ಅತ್ತಿಗೆಯನ್ನು ಅಡುಗೆಮನೆಯ ಮೂಲೆಗೆ ಕರೆದ. ನಾನು ಬೇಕೆಂದೇ ಅಲ್ಲಿಂದ ಕದಲಲಿಲ್ಲ. ನಿಹಾರಿಕಾಳೂ ಇದ್ದಳು.

“ಅತ್ತಿಗೆ, ಅವನನ್ನ ರೀ ಅಂತ ಕೂಗಿಬಿಟ್ರಲ್ಲ. ನಮ್ಮ ಆಫೀಸಿನವರೆಲ್ಲ ಫ್ಯಾಮಿಲಿ ಸಮೇತ ಬಂದಿದಾರೆ.”

“ನಾನು ಕೂಗಿದ್ದು ರೇ ಅಂತ. ಅವರ ಹೆಸರೇ ಅದು.”

“ಇರಬಹುದು. ಜನಕ್ಕೆ ಕೇಳಿಸಿದ್ದು ಬೇರೆ. ಅವನನ್ನ ಊಟಕ್ಕೆ ಮಾತ್ರ ನಿಲ್ಲಿಸ್ಕೋಬೇಡಿ, ಪ್ಲೀಸ್. ಬಾಕ್ಸಿಗೆ ಹಾಕಿ ಕೊಟ್ಟುಬಿಡೋಣ. ನೀವೇ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳೋ ಹಾಗೆ ಅವನ ಫುಲ್ ನೇಮು ಕರೆದು ಥ್ಯಾಂಕ್ಸ್ ಹೇಳಿ. ಮ್ಯಾಟರ್ ಕ್ಲೋಸು.”

ನನಗೆ ತಡೆಯಲಾಗಲಿಲ್ಲ. “ಏನ್ರೀ ಮಧ್ವೇಶ, ಆಕಳು ಒಳಗ ಬರಬೇಕು, ಆಕಳ ಹಿಡಕೊಂಡು ಬಂದಾವ ಒಳಗ ಬರಬಾರದೇನು?”

“ಮೇಡಂ, ಅವನು ದನ ಸಾಕೋದು ಯಾತಕ್ಕೆ ಅಂತ ನಮಗೆ ಗೊತ್ತಿಲ್ವಾ?” ಎಂದ ಅವನು.

ಮಾಂಸಕ್ಕೆ ಮಾರುವ ಆ ವಿಷಯ ನನಗೂ ಸಲೀಸಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಊರ್ಮಿಳಾ ಮೈದುನನನ್ನು ನೆಟ್ಟಗೆ ನೋಡಿ ಕೇಳಿದಳು: “ಹಸು ಬೇಕು ಅಂತ ನನಗೆ ಫೋನ್ ಮಾಡಿದಾಗ ಗೊತ್ತಿರ್ಲಿಲ್ವಾ ಮಧ್ವೇಶ?”

ಅವನು ಊಟದ ಬಾಕ್ಸನ್ನು ಅವಳ ಕೈಗಿಟ್ಟ. “ಅಣ್ಣನ ಮರ್ಯಾದೆ ನಿಮ್ಮ ಕೈಲಿದೆ,” ಎಂದ.

ಬಾಕ್ಸು ಹಿಡಿದು ಅವಳು ಬಾಗಿಲಿಗೆ ನಡೆದಾಗ ನಾನೂ ಬೆನ್ನಿಗೇ ಹೋದೆ. ಇನ್ನೊಂದು ಸಲ ಇಲ್ಲ ಎಂದರೆ ಆ ಮನುಷ್ಯ ಗುಡ್ಡದಲ್ಲೂ ಇರುವುದಿಲ್ಲ. ನಿಹಾರಿಕಾ ಅಮ್ಮನ ತೋಳು ಹಿಡಿದು, “ಅಮ್ಮಾ, ಪ್ಲೀಸ್ ಡೋಂಟ್ ಡೂ ದಿಸ್ ಟು ಹಿಮ್ ಅಗೇನ್,” ಎಂದಳು. ಊರ್ಮಿಳಾ ಮಗಳ ಮುಖವನ್ನೊಮ್ಮೆ ನೋಡಿ, ಆ ಬಾಕ್ಸನ್ನು ಅವಳ ಕೈಯಲ್ಲಿಟ್ಟು ಬರಿಗೈಯಲ್ಲಿ ಹೊರಗೆ ಹೋದಳು.

ರೇ ನಂಜಮ್ಮನನ್ನು ಟ್ರೇಲರಿಗೆ ಹತ್ತಿಸಿ ಹಿಂಬಾಗಿಲು ಹಾಕುತ್ತಿದ್ದ. ಊಟಕ್ಕೆ ನಿಲ್ಲು ಎಂದು ಯಾರೂ ಹೇಳದಿದ್ದದ್ದು ಅವನಿಗೆ ಅರ್ಥವಾಗಿತ್ತು. ತೆರೆದ ಗರಾಜಿನಲ್ಲಿ ಎಲೆಯ ಮುಂದೆ ಕೂತವರೆಲ್ಲ ಕಿವಿ ನಿಮಿರಿಸಿದರು.

“ರೀ!” ಎಂದಳು ಊರ್ಮಿಳಾ.

ಅವನು ತಿರುಗಿದ. ಬರಲಿಲ್ಲ. ತನ್ನ ಹೆಸರೋ, ಆ ಇನ್ನೊಂದೋ ಎಂಬ ಅನುಮಾನ ಅವನ ಮುಖದ ಮೇಲೇ ಇತ್ತು. ಊರ್ಮಿಳಾ ಮೆಟ್ಟಿಲು ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೂ ಗಟ್ಟಿಯಾಗಿ ಹೇಳಿದಳು:

“ಹೆಸರು ಕರೀತಿಲ್ಲ. ನಿಮ್ಮನ್ನೇ ಕರೀತಿರೋದು, ರೀ. ಎಲೆ ಹಾಕಿದೆ, ಕೈ ತೊಳ್ಕೊಂಡು ಬನ್ನಿ.”

ಅಷ್ಟು ಕನ್ನಡ ಅವನಿಗೆ ಅರ್ಥವಾಯಿತೋ ಇಲ್ಲವೋ, ಆ ಒಂದಕ್ಷರ ಅರ್ಥವಾಯಿತು. ಟೋಪಿ ತೆಗೆದ. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನನ್ನದೂ ತುಂಬಿತ್ತು. ಇಷ್ಟು ವರ್ಷ ಅಷ್ಟೊಂದು ಮನೆಗಳಲ್ಲಿ ಗಂಡಂದಿರ ಬಾಯಲ್ಲಿ ಕೇಳಿ ಕಲಿತಿದ್ದ ಮಾತೊಂದು ಅವನಲ್ಲಿತ್ತು.

“ಬಂದೆ,” ಎಂದ.

ಎದ್ದು ಹೋಗುತ್ತೇವೆ ಎಂದು ಮುಖ ಮಾಡಿಕೊಂಡವರು ಕೆಲವರಿದ್ದರು. ಯಾರೂ ಏಳಲಿಲ್ಲ, ಹೋಳಿಗೆ ಇನ್ನೂ ಬಡಿಸಿರಲಿಲ್ಲ. ಊರ್ಮಿಳಾ ಅವನನ್ನು ಮೊದಲ ಸಾಲಿನಲ್ಲೇ ಕೂರಿಸಿ ತಾನೂ ಪಕ್ಕದ ಎಲೆಗೆ ಕೂತಳು. ತುಪ್ಪದ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದ ಮೈದುನನನ್ನು ಕರೆದಳು.

“ಮಧ್ವೇಶ, ಮೊದಲು ಇವರಿಗೆ ಬಡಿಸು.”

ಮಧ್ವೇಶ ಬಡಿಸಿದ.