ಹದಿನೈದು ಅಂಗಿ, ಒಂದೇ ಹೆಸರು

ನಮ್ಮ ಕಡೆ ಕುಟುಂಬಗಳ ನಡುವೆ ಕ್ರಿಕೆಟ್ ಪಂದ್ಯಾವಳಿ ನಡೆಯುತ್ತದೆ. ಒಂದು ಮನೆತನಕ್ಕೆ ಒಂದು ತಂಡ. ಕಳೆದ ವರ್ಷ ಯಾವುದೋ ವೆಬ್‌ಸೈಟಿನಿಂದ ತರಿಸಿದ ಅಂಗಿಗಳ ಬೆನ್ನಿಗೆ ಅಂಟಿಸಿದ್ದ ಮನೆತನದ ಹೆಸರಿನ ಅಕ್ಷರ ಮೊದಲ ಪಂದ್ಯದಲ್ಲೇ ಬೆವರಿಗೆ ಕಿತ್ತು ಬಂದು, ಗಾಳಿಬೀಡಿನ ಮೈದಾನವೇ ನಕ್ಕಿತ್ತು. ಈ ಸಲ ಅಂಗಿ ತರಿಸುವ ಕೆಲಸ ನನ್ನ ಪಾಲಿಗೆ ಬಂತು. "ಈ ಸರ್ತಿನೂ ಹಾಗಾದ್ರೆ ನೀನೇ ಬ್ಯಾಟ್ ಹಿಡ್ಕೊಂಡು ಇಳಿ," ಎಂದರು ಚಿಕ್ಕಪ್ಪ.

ಬೇರೊಂದು ಸೈಟು ಸಿಕ್ಕಿತು. ವಿಳಾಸ ನೋಡಿದೆ, ಗಿರಾಕಿಗಳ ಅಭಿಪ್ರಾಯ ಓದಿದೆ. ಎಲ್ಲರೂ ಒಂದೇ ಧಾಟಿಯಲ್ಲಿ ಹೊಗಳಿದ್ದರಿಂದ ಅನುಮಾನ ಹೆಚ್ಚಾಯಿತು. ಆರ್ಡರ್ ತುಂಬಿಸಿ, ಹಣ ಕಟ್ಟದೆ ಬಿಟ್ಟೆ.

ಮರುದಿನ ಅಲ್ಲಿಂದ ಒಬ್ಬ ಹೆಂಗಸು ಫೋನ್ ಮಾಡಿದರು.

"ಸರ್, ಹದಿನೈದು ಅಂಗಿಗೂ ಒಂದೇ ಹೆಸರು ಹಾಕಿದ್ದೀರಿ. ತಪ್ಪಾಗಿದೆಯಾ?"

"ಇಲ್ಲಮ್ಮ, ಎಲ್ಲ ಒಂದೇ ಮನೆಯವರು."

"ಏಳನೇ ನಂಬರೂ ಎರಡು ಸಲ ಇದೆ."

"ಅದೂ ತಪ್ಪಲ್ಲ. ಅಣ್ಣನೂ ಬಿಡಲ್ಲ, ತಮ್ಮನೂ ಬಿಡಲ್ಲ."

ಆಕೆ ತಡೆಯಲಾರದೆ ನಕ್ಕರು. "ತಮ್ಮನಿಗೆ ಎಪ್ಪತ್ತೇಳು ಹಾಕ್ಲಾ ಸರ್? ಎರಡು ಏಳು ಸಿಕ್ಕಿದ ಹಾಗಾಯ್ತು."

ಇಷ್ಟು ಗಮನವಿಟ್ಟು ಓದುವವರು ಅಕ್ಷರವನ್ನೂ ಗಟ್ಟಿಯಾಗಿಯೇ ಅಂಟಿಸಿಯಾರು ಅನ್ನಿಸಿ ಹಣ ಕಟ್ಟಿದೆ. ಅಂಗಿಗಳು ಬಂದವು. ಎರಡು ಪಂದ್ಯ, ನಾಲ್ಕು ಒಗೆತ ಕಳೆದರೂ ಒಂದಕ್ಷರ ಅಲುಗಲಿಲ್ಲ. ಆಕೆ ಕೇಳಿದರೆಂದು, ತಂಡದವರು ಬೆನ್ನು ತೋರಿಸಿ ನಿಂತ ಫೋಟೋ ಕಳಿಸಿದೆ. ಈಗ ಅದು ಅವರ ಸೈಟಿನ ಮೊದಲ ಪುಟದಲ್ಲಿದೆ. ಹದಿನೈದು ಬೆನ್ನಿಗೂ ಒಂದೇ ಹೆಸರಿರುವ ಅಂಥದ್ದೊಂದು ಫೋಟೋವನ್ನು ನಾನು ಮೊದಲೇ ನೋಡಿದ್ದರೆ, ನಕಲಿ ಎಂದು ಸೈಟು ಮುಚ್ಚಿಬಿಡುತ್ತಿದ್ದೆ.